ಸೇತುವೆಯಾಚೆಯ ಚೀಲ

ನಮ್ಮ ಮನೆಯಲ್ಲಿ ಜಗಳ ಹುಟ್ಟುವುದು ತಟ್ಟೆಯ ಮುಂದೆಯೇ. ಬೇರೆ ಹೊತ್ತಿನಲ್ಲಿ ಜಗಳವಾಡಲು ಜನ ಬೇಕಲ್ಲ. ತಮ್ಮ ಬಸ್ಸಿನ ಸ್ಟಿಯರಿಂಗ್ ಹಿಡಿದು ಹೋಗಿರುತ್ತಾನೆ, ಅವನ ಹೆಂಡತಿ ಹಿಟ್ಟಿನ ಗಿರಣಿಯಲ್ಲಿರುತ್ತಾಳೆ, ಅವರ ಮಗಳು ಪ್ರಾಣಿಗಳ ಆಸ್ಪತ್ರೆಯಲ್ಲಿ. ಮನೆಯಲ್ಲಿ ಉಳಿಯುವವರು ಬಾಗಿಲ ಬಳಿ ಕುರ್ಚಿ ಹಾಕಿಕೊಂಡ ನಮ್ಮ ಅಪ್ಪ ಮತ್ತು ಇಸ್ತ್ರಿ ಮೇಜಿನ ಹಿಂದೆ ನಾನು. ನಾವಿಬ್ಬರೂ ಆಡಬೇಕಾದ ಜಗಳವನ್ನೆಲ್ಲ ಎಂದೋ ಆಡಿ ಮುಗಿಸಿದ್ದೇವೆ. ಹಾಗಾಗಿ ಸಂಜೆ ಐವರೂ ಊಟಕ್ಕೆ ಕೂತ ಮೇಲೆಯೇ ಏನಿದ್ದರೂ.

ಅವತ್ತು ಹುಡುಗಿ ಕೈ ತೊಳೆದು ಬಂದು ಕೂತಳು, ಅನ್ನ ಮುಟ್ಟಲಿಲ್ಲ. ಅವಳಿಗೆ ನಾವಿಟ್ಟ ಹೆಸರು ಡಾಕ್ಟ್ರಮ್ಮ. ಡಾಕ್ಟರೇನೂ ಅಲ್ಲ, ಡಾಕ್ಟರು ಸೂಜಿ ಚುಚ್ಚುವಾಗ ನಾಯಿ ಬೆಕ್ಕುಗಳನ್ನು ಹಿಡಿದುಕೊಳ್ಳುವುದು, ಮೇಜು ಒರೆಸುವುದು, ಗಾಯಕ್ಕೆ ಬಟ್ಟೆ ಕಟ್ಟುವುದು ಅವಳ ಕೆಲಸ. ಆದರೆ ಮನೆಯಲ್ಲಿ ಯಾರಿಗೆ ಕೆಮ್ಮು ಬಂದರೂ ಔಷಧಿ ಹೇಳುವವಳು ಅವಳೇ.

"ಇನ್ಮೇಲೆ ಮೂಲೆಯಂಗಡಿಯಿಂದ ಈ ಮನೆಗೆ ಏನೂ ಬರಬಾರದು," ಎಂದಳು.

ಮೂಲೆಯಂಗಡಿ ಎಂದರೆ ನಮ್ಮ ಬೀದಿ ತಿರುಗುವಲ್ಲಿರುವ ಸಾಕುಪ್ರಾಣಿಗಳ ಅಂಗಡಿ. ಮುಂದೆ ಗಾಜಿನ ಪೆಟ್ಟಿಗೆಗಳಲ್ಲಿ ಬೆಕ್ಕಿನ ಮರಿ, ನಾಯಿ ಮರಿ. ಒಳಗೆ ನಾವು ಕಾಳು ಎನ್ನುವ ಒಣ ಆಹಾರ, ಕೊರಳಪಟ್ಟಿ, ಬಟ್ಟಲು, ಮರಳು. ನಮ್ಮ ಬೆಕ್ಕಿಗೆ ಬೇಕಾದದ್ದೆಲ್ಲ ಅಲ್ಲಿಂದಲೇ ಬರುತ್ತಿತ್ತು. 

"ಯಾಕೆ ಡಾಕ್ಟ್ರಮ್ಮ, ಏನಾಯ್ತು?" ಎಂದರು ಅಪ್ಪ.

"ಒಬ್ಬಳು ಹೆಂಗಸು ಮರೀನ ಶಾಲಿನಲ್ಲಿ ಸುತ್ಕೊಂಡು ಬಂದಿದ್ಲು ತಾತ. ನಿನ್ನೆ ಅಲ್ಲಿ ತಗೊಂಡಿದ್ದಂತೆ. ಕಡಿಯೋಕೆ ಇನ್ನೂ ಹಲ್ಲು ಬಂದಿರಲಿಲ್ಲ. ತಾಯಿ ಹಾಲು ಬಿಡಿಸೋ ಮೊದಲೇ ಕಿತ್ತು ತಂದು ಮಾರ್ತಾನೆ ಅವನು. ನಮ್ಮ ಮೇಜಿನ ಮೇಲೇ ಪ್ರಾಣ ಹೋಯ್ತು. ಇದೇ ಮೊದಲಲ್ಲ. ಟವೆಲಿನಲ್ಲಿ ಸುತ್ತಿ ಸುತ್ತಿ ವಾಪಸ್ ಕೊಡೋದೇ ನನ್ನ ಕೆಲಸ ಆಗಿದೆ."

"ನಾವೇನು ಮರಿ ತಗೋತೀವಾ? ಕಾಳು ತಗೋತೀವಿ, ಅಷ್ಟೇ," ಎಂದಳು ಅವಳ ತಾಯಿ.

"ಅವನು ಬಾಡಿಗೆ ಕಟ್ಟೋದು ಆ ಕಾಳಿನ ದುಡ್ಡಲ್ಲೇ ಅಮ್ಮ. ಮರಿ ಗಾಜಿನೊಳಗೆ ಕೂತು ಜನರನ್ನ ಕರೆಯುತ್ತೆ. ಜನ ಬಂದವರು ವರ್ಷಗಟ್ಟಲೆ ಕಾಳು ಹೊತ್ಕೊಂಡು ಹೋಗ್ತಾರೆ. ಮರಿ ಸತ್ರೆ ಆ ಜಾಗಕ್ಕೆ ಇನ್ನೊಂದು ಮರಿ."

"ಹಾಗೆ ನೋಡಿದ್ರೆ ನಮ್ಮ ದಿನಸಿ ಅಂಗಡಿಯವನು ಬೀಡಿ ಮಾರ್ತಾನೆ," ಎಂದರು ಅಪ್ಪ. ಜೀವನವಿಡೀ ಬೀಗ ರಿಪೇರಿ ಮಾಡಿದವರು. ಯಾವ ಮಾತು ಕಂಡರೂ ಅದಕ್ಕೊಂದು ಕೀಲಿ ಹಾಕಿ ನೋಡದೆ ಬಿಡುವುದಿಲ್ಲ. "ನಾಳೆಯಿಂದ ಬೇಳೆ ಬೇಡವಾ?"

"ಬೀಡಿ ಅಳಲ್ಲ ತಾತ."

ಅಪ್ಪನನ್ನು ಒಂದೇ ಮಾತಿಗೆ ಸುಮ್ಮನಾಗಿಸಿದ್ದು ನಮ್ಮ ಅಮ್ಮ ಬಿಟ್ಟರೆ ಇವಳೇ.

"ನಮ್ಮ ಗುಮಾಸ್ತನೂ ಅಲ್ಲಿಂದಲೇ ಬಂದವನು," ಎಂದ ತಮ್ಮ. "ನೀನೇ ಶಾಲೆಯಿಂದ ಬರೋವಾಗ ಗಾಜಿಗೆ ಮೂಗು ಒತ್ಕೊಂಡು ನಿಂತಿದ್ದೆ. ಅವನನ್ನ ಕೊಡಿಸದಿದ್ರೆ ಮನೆಗೇ ಬರಲ್ಲ ಅಂತ."

"ನೆನಪಿದೆ ಅಪ್ಪ. ಅದಕ್ಕೇ ಹೇಳ್ತಿರೋದು."

ಗುಮಾಸ್ತ ಎಂದರೆ ಬೆಕ್ಕು. ಬಿಳಿ ಮೈ, ಕಿವಿಯ ಹಿಂದೆ ಪೆನ್ನು ಸಿಕ್ಕಿಸಿದಂತೆ ಒಂದು ಕಪ್ಪು ಗೆರೆ. ಹೋದ ವರ್ಷ ಅವನಿಗೆ ಮೂತ್ರ ಕಟ್ಟಿ ಸಾಯುವ ಹಾಗಾಗಿತ್ತು. ಡಾಕ್ಟರು ನಳಿಗೆ ಹಾಕಿ ಬಿಡಿಸಿ, ಇವನ ಮೂತ್ರದಲ್ಲಿ ಹರಳು ಕಟ್ಟುತ್ತದೆ, ಬದುಕಿರುವಷ್ಟು ದಿನ ಈ ಒಂದು ಕಾಳು ಬಿಟ್ಟು ಬೇರೇನೂ ಕೊಡಬೇಡಿ ಎಂದು ಕಂಪನಿಯ ಹೆಸರು ಬರೆದುಕೊಟ್ಟಿದ್ದರು. ಮೂಲೆಯಂಗಡಿಯವ ಅದನ್ನು ನಮಗೋಸ್ಕರವೇ ತರಿಸಿಕೊಡುತ್ತಿದ್ದ. ದಪ್ಪ ಕಾಗದದ ದೊಡ್ಡ ಚೀಲ, ಬಾಯಿಗೆ ಹೊಲಿಗೆ.

"ಆ ಕಾಳು ಇನ್ನೆಲ್ಲಿ ಸಿಗುತ್ತೆ?" ಎಂದು ನಾನು ಕೇಳಿದೆ.

"ಸೇತುವೆಯಾಚೆ ಒಂದು ಅಂಗಡಿ ಇದೆ ಅತ್ತೆ. ಜೀವ ಇರೋದನ್ನ ಏನೂ ಮಾರಲ್ಲ. ಬಟ್ಟಲು, ಕಾಳು, ಔಷಧಿ ಅಷ್ಟೇ. ದುಡ್ಡು ನಾನು ಕೊಡ್ತೀನಿ."

"ದುಡ್ಡು ನೀನು ಕೊಡ್ತೀಯ. ಹೊರೋರು ಯಾರು?"

ತಮ್ಮನಿಗೆ ರಜೆ ಎನ್ನುವುದು ಇದ್ದೂ ಇಲ್ಲದ ಹಾಗೆ. ಡಾಕ್ಟ್ರಮ್ಮ ಬರುವ ಹೊತ್ತಿಗೆ ಆ ಅಂಗಡಿ ಮುಚ್ಚಿರುತ್ತದೆ. ನಾನು ಬಟ್ಟೆ ಬಿಟ್ಟು ಕದಲುವಂತಿಲ್ಲ. ಕೊನೆಗೆ ಎಲ್ಲರ ಕಣ್ಣೂ ಹೋಗಿ ನಿಂತದ್ದು ಯಾವಾಗಲೂ ಹೋಗಿ ನಿಲ್ಲುವಲ್ಲಿಯೇ.

"ಆಯ್ತು, ನನ್ನ ವಾರದ ರಜೆ ದಿನ ಹೋಗ್ತೀನಿ ಬಿಡಿ," ಎಂದಳು ತಮ್ಮನ ಹೆಂಡತಿ.

ಗಿರಣಿಯಲ್ಲಿ ಅವಳನ್ನು ಚೀಲದಕ್ಕ ಎನ್ನುತ್ತಾರೆ. ತುಂಬಿದ ಚೀಲಗಳು ಸಾಲಾಗಿ ಬರುತ್ತವೆ, ಇವಳು ಒಂದೊಂದರ ಬಾಯನ್ನೂ ಹೊಲಿಗೆ ಯಂತ್ರಕ್ಕೆ ಕೊಟ್ಟು ಮುಂದೆ ನೂಕುತ್ತಾಳೆ. ಇಡೀ ದಿನ ನಿಂತೇ. ಅವಳ ಮಂಡಿಗಳು ಹೇಗಿವೆ ಎಂದು ನನಗೆ ಗೊತ್ತಿತ್ತು. ಬಚ್ಚಲಿನಿಂದ ಏಳುವಾಗ ನಲ್ಲಿ ಹಿಡಿದು ಏಳುತ್ತಿದ್ದಳು. ಗೊತ್ತಿದ್ದೂ ನಾನು ಬೇಳೆ ಬಡಿಸಿದೆ. ಮನೆ ಎಂದರೆ ಇದೇ ತಾನೆ.

ಮೊದಲನೆಯ ಸಲ ಹೋಗಿ ತಂದಳು. ಎರಡು ಬಸ್ಸು ಬದಲಿಸಬೇಕು, ಇಳಿದ ಮೇಲೆ ಏರು ರಸ್ತೆ. ಚೀಲವನ್ನು ಹೆಗಲ ಮೇಲಿಟ್ಟುಕೊಂಡು ಬಂದವಳು ಬಾಗಿಲಲ್ಲೇ ಕೂತುಬಿಟ್ಟಳು. ಅಪ್ಪ ನೀರು ತಂದುಕೊಟ್ಟರು.

"ರಾಣಿ ಮಗನಿಗೂ ಇಷ್ಟು ಉಪಚಾರ ಇರಲ್ಲ," ಎಂದು ಗುಮಾಸ್ತನಿಗೆ ಬೈದರು. ಅವನು ಬಂದು ಚೀಲವನ್ನು ಮೂಸಿ, ಅದರ ಮೇಲೆಯೇ ಹತ್ತಿ ಮಲಗಿದ.

ಎರಡನೆಯ ಸಲದ ವಿಷಯ ನನಗೆ ಆಮೇಲೆ ತಿಳಿಯಿತು. ಆದರೂ ಇಲ್ಲೇ ಹೇಳಿಬಿಡುತ್ತೇನೆ. ಮುಚ್ಚಿಟ್ಟುಕೊಂಡು ಕೊನೆಗೆ ಬಿಚ್ಚಿ ತೋರಿಸುವ ಚಾಳಿ ನನಗಿಲ್ಲ. ಅವತ್ತು ಚೀಲದಕ್ಕ ಸೇತುವೆಯವರೆಗೂ ಹೋದಳು. ಎರಡನೆಯ ಬಸ್ಸು ಬರಲಿಲ್ಲ. ನಿಂತು ನಿಂತು ಮಂಡಿ ಕೈಕೊಟ್ಟಿತು. ವಾಪಸ್ ಬಂದು ನಮ್ಮ ಬೀದಿಯಲ್ಲಿ ಇಳಿದಾಗ ಮೂಲೆಯಂಗಡಿಯವ ಕುರ್ಚಿ ಎಳೆದು ಹಾಕಿ, "ಕೂತ್ಕೊಳ್ಳಿ ಅಮ್ಮ, ಮುಖ ಎಲ್ಲ ಬೆವತಿದೆ," ಎಂದ. ಅವನು ಕೆಟ್ಟವನ ಹಾಗೆ ಕಾಣುವುದೇ ಇಲ್ಲ. ನಮ್ಮ ಅಪ್ಪ ಬೀದಿಯಲ್ಲಿ ಬಿದ್ದಾಗ ಎತ್ತಿಕೊಂಡು ಬಂದವನೂ ಅವನೇ.

"ಆ ಕಂಪನಿ ಚೀಲ ಇದೆಯಾ?" ಎಂದು ಇವಳು ಕೇಳಿದಳು.

"ನೀವೇ ಬಿಟ್ಮೇಲೆ ಯಾರಿಗೆ ತರಿಸ್ಲಿ? ಬಿಡಿ ಕಾಳು ಇದೆ ನೋಡಿ. ಮೂತ್ರದ ತೊಂದರೆ ಇರೋ ಬೆಕ್ಕಿಗೆ ಎಲ್ರೂ ಇದನ್ನೇ ತಗೊಂಡು ಹೋಗ್ತಾರೆ. ಚೀಲ ಬೇರೆ ಅಮ್ಮ, ಒಳಗಿರೋದು ಒಂದೇ."

ಬೇರೆ ಯಾರಾದರೂ ಆಗಿದ್ದರೆ ಈ ಮಾತಿಗೆ ನಗುತ್ತಿದ್ದರು. ಇವಳು ನಂಬಿದಳು. ಯಾಕೆಂದರೆ ಇವಳ ಗಿರಣಿಯಲ್ಲಿ ಒಂದೇ ಕೊಳವೆಯಿಂದ ಇಳಿಯುವ ಹಿಟ್ಟು ಹಸಿರು, ಕೆಂಪು, ಹಳದಿ, ಮೂರು ಬಗೆಯ ಚೀಲಗಳಿಗೆ ತುಂಬುತ್ತದೆ. ಹಳದಿ ಚೀಲದ ಹಿಟ್ಟಿನ ರೊಟ್ಟಿ ಬಹಳ ಮೆತ್ತಗೆ ಎಂದು ಯಾರಾದರೂ ಹೊಗಳಿದರೆ ಇವಳು ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಇಷ್ಟು ವರ್ಷ ಬಾಯಿ ಹೊಲಿದ ಕೈ ಅದು. ಒಳಗಿರುವುದು ಒಂದೇ ಎಂದು ಆ ಕೈಗೆ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬಿಡಿ ಕಾಳನ್ನು ಸಂತೆ ಚೀಲದಲ್ಲಿ ತಂದು ಮಂಚದ ಕೆಳಗಿಟ್ಟಳು. ಸೇತುವೆಯಾಚೆಯಿಂದ ತಂದಿದ್ದ ಖಾಲಿ ಚೀಲವೂ ಅಲ್ಲೇ ಇತ್ತು. ಚೀಲ ಎನ್ನುವುದನ್ನು ಅವಳು ಜನ್ಮದಲ್ಲಿ ಎಸೆದವಳಲ್ಲ. ಮಾರನೆಯ ದಿನ ಎರಡನ್ನೂ ಗಿರಣಿಗೆ ಒಯ್ದು, ಊಟದ ಬಿಡುವಿನಲ್ಲಿ ತುಂಬಿ, ಕಂಪನಿಯದೇ ಬಣ್ಣದ ದಾರ ಹಾಕಿ ಯಂತ್ರಕ್ಕೆ ಕೊಟ್ಟಳು. ಹಳೆಯ ತೂತುಗಳ ಮೇಲೆಯೇ ಹೊಸ ಹೊಲಿಗೆ ಬಿತ್ತು. ಕಂಪನಿಯವರೇ ಬಂದು ನೋಡಿದ್ದರೂ ತಮ್ಮದೇ ಎನ್ನುತ್ತಿದ್ದರು.

ಸಂಜೆ ಡಾಕ್ಟ್ರಮ್ಮ ಚೀಲವನ್ನು ನೋಡಿದಳು.

"ಅಮ್ಮ, ನಿನ್ನೆ ಹೋಗಿದ್ದೆ ಅಂದ್ಯಲ್ಲ, ಚೀಲ ಎಲ್ಲಿ ಇತ್ತು?"

"ಹೊರೋಕೆ ಆಗ್ಲಿಲ್ಲ. ಗಿರಣೀಲಿ ಇಟ್ಟು ಬಂದಿದ್ದೆ."

ಮಗಳು ಒಳಗೆ ಹೋಗಿ ಎಣ್ಣೆ ಬೆಚ್ಚಗೆ ಮಾಡಿ ತಂದಳು. ತಾಯಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಮಂಡಿಗೆ ತಿಕ್ಕತೊಡಗಿದಳು. "ನನ್ನ ಹಠಕ್ಕೆ ನಿನಗೆ ಇಷ್ಟು ಕಷ್ಟ," ಎಂದಳು. "ಆದ್ರೂ ನೀನು ಹೋಗ್ತೀಯಲ್ಲ ಅಮ್ಮ, ಅದೇ ನನಗೆ ದೊಡ್ಡದು. ಆಸ್ಪತ್ರೇಲಿ ಎಲ್ರಿಗೂ ಹೇಳಿದ್ದೀನಿ."

ನಾನು ಅಲ್ಲೇ ಇದ್ದೆ, ಅವಳ ಹಸಿರು ಕೋಟಿಗೆ ಇಸ್ತ್ರಿ ಹಾಕುತ್ತಿದ್ದೆ. ಚೀಲದಕ್ಕ ಮುಖ ಕಿವುಚಿದಳು. ನೋವಿಗೆ ಹಾಗೆ ಮಾಡುತ್ತಿದ್ದಾಳೆ ಎಂದುಕೊಂಡೆ.

ಕಾಳಿನ ಬಣ್ಣ ಕೊಂಚ ಕಪ್ಪಾಗಿದೆ ಎಂದು ಡಾಕ್ಟ್ರಮ್ಮನಿಗೆ ಒಂದು ದಿನ ಅನ್ನಿಸಿತ್ತು. "ಹೊಸ ಲಾಟು ಇರ್ಬೇಕು," ಎಂದಳು ತಾಯಿ. ಗುಮಾಸ್ತ ಹಿಂದೆಂದೂ ತಿನ್ನದ ಹಾಗೆ ತಿಂದ. ಅಪ್ಪನಿಗೆ ಖುಷಿಯೋ ಖುಷಿ. "ಸೇತುವೆಯಾಚೆಯ ಗಾಳಿ ಇವನಿಗೆ ಹಿಡಿಸಿದೆ," ಎನ್ನುತ್ತಿದ್ದರು.

ಕೆಲವು ವಾರ ಹಾಗೇ ಕಳೆಯಿತು. ಒಂದು ಬೆಳಿಗ್ಗೆ ನಾನು ಸೊಪ್ಪು ಬಿಡಿಸುತ್ತಿದ್ದೆ. ಗುಮಾಸ್ತ ಮರಳಿನ ತಟ್ಟೆಗೆ ಹೋದ, ಕೂತ, ಬಂದ. ಮತ್ತೆ ಹೋದ. ಮೂರನೆಯ ಸಲ ಹೋಗಿ ಕೂತಲ್ಲೇ ಒಂದು ಕೂಗು ಹಾಕಿದ. ಆ ಕೂಗನ್ನು ನಾನು ಹೋದ ವರ್ಷವೂ ಕೇಳಿದ್ದೆ. ಸೊಪ್ಪು ಅಲ್ಲೇ ಬಿಟ್ಟು ಹುಡುಗಿಗೆ ಫೋನು ಮಾಡಿದೆ. ಅವಳು ಓಡಿ ಬಂದಳು, ಅವನ ಹೊಟ್ಟೆ ಮುಟ್ಟಿ ನೋಡಿ ಬೆಳ್ಳಗಾದಳು.

ಡಾಕ್ಟರು ನಳಿಗೆ ಹಾಕಿ ಬಿಡಿಸಿದರು. ಆಮೇಲೆ ಕೇಳಿದರು, "ಆಹಾರ ತಪ್ಪಿದ್ದೀರಾ?"

"ಇಲ್ಲ ಸರ್. ಒಂದು ಕಾಳು ಕೂಡ ಬೇರೆದು ಹೋಗಿಲ್ಲ. ನಾನು ಗ್ಯಾರಂಟಿ," ಎಂದಳಂತೆ ಇವಳು.

"ಬಿಸ್ಕತ್ತು, ಮೊಟ್ಟೆ, ಮನೆಯವರು ಯಾರಾದ್ರೂ..."

"ನಮ್ಮ ಮನೆಯಲ್ಲಿ ಹಾಗೆ ಮಾಡೋರು ಯಾರೂ ಇಲ್ಲ ಸರ್."

ಅವಳೇ ಅವರ ಕೈಯಡಿ ಕೆಲಸ ಮಾಡುವವಳು. ಅವಳ ಮಾತನ್ನು ಅನುಮಾನಿಸಲು ಅವರಿಗೆ ಕಾರಣವೇನಿತ್ತು? ಆ ಕಾಳು ತಿಂದೂ ಕಟ್ಟಿದೆ ಎಂದರೆ ಇದು ಹಳೆಯ ಬಗೆಯ ಹರಳಲ್ಲ, ಬೇರೆ ಬಗೆಯದು ಇರಬೇಕು. ಮೂತ್ರವನ್ನು ಪರೀಕ್ಷೆಗೆ ಕಳಿಸೋಣ, ವರದಿ ಬರುವವರೆಗೆ ಆ ಕಾಳು ನಿಲ್ಲಿಸಿ ಈ ಬೇರೆ ಕಾಳು ಕೊಡಿ ಎಂದರು.

ಇದನ್ನು ಅವಳು ಮನೆಗೆ ಬಂದು ಹೇಳುವ ಹೊತ್ತಿಗೆ ಇನ್ನೊಂದು ಅನಾಹುತ ನಡೆದುಹೋಗಿತ್ತು. ಸುದ್ದಿ ಗಿರಣಿಗೆ ತಲುಪಿದ್ದೇ ತಡ, ಚೀಲದಕ್ಕ ಅರ್ಧ ದಿನದ ಕೂಲಿ ಬಿಟ್ಟು, ಆ ಮಂಡಿಗಳಲ್ಲೇ ಎರಡು ಬಸ್ಸು ಹತ್ತಿ, ಏರು ರಸ್ತೆ ಏರಿ, ನಿಜವಾದ ಚೀಲ ಹೊತ್ತು ತಂದಿದ್ದಳು. ಸರಿಯಾದದ್ದು ತಂದು ಹಾಕಿಬಿಟ್ಟರೆ ಸರಿಹೋಗುತ್ತದೆ, ಹೇಳುವ ಪ್ರಮೇಯವೇ ಬರುವುದಿಲ್ಲ ಎಂದುಕೊಂಡಿದ್ದಳು ಪಾಪ.

"ಇದ್ಯಾಕೆ ತಂದೆ ಅಮ್ಮ?" ಎಂದಳು ಮಗಳು. "ಇದೇ ಅವನಿಗೆ ಆಗ್ತಿಲ್ಲ. ಇದು ತಿಂದೇ ಕಟ್ಟಿರೋದು."

"ಇದು ಒಳ್ಳೇದು ಕಣೇ. ಇದನ್ನೇ ಕೊಡು."

"ಡಾಕ್ಟರ್ ಬೇಡ ಅಂದಿದ್ದಾರೆ."

"ಡಾಕ್ಟರಿಗೆ ಏನು ಗೊತ್ತು? ಇಷ್ಟು ದಿನ ಇದರಲ್ಲೇ ತಾನೇ ಬದುಕಿದ್ದ?"

"ಅಮ್ಮ, ನಿನ್ನ ಚೀಲ ಹೊಲಿಯೋಕೆ ನಾನು ಬಂದು ಹೇಳ್ತೀನಾ?"

ತಮ್ಮ ಅಷ್ಟರಲ್ಲಿ ಬಂದ. "ಏನದು, ಮನೆಗೆ ಕಾಲಿಡೋಕೆ ಇಲ್ಲ. ಊಟಕ್ಕೆ ಹಾಕ್ರಿ ಮೊದಲು," ಎಂದ. ಚೀಲದಕ್ಕ ತಟ್ಟೆ ತೆಗೆದುಕೊಳ್ಳಲು ಒಳಗೆ ಹೋದಳು. ಹುಡುಗಿ ಬೆಳಿಗ್ಗೆ ಆ ಚೀಲವನ್ನು ಹಾಗೇ ಹೊತ್ತುಕೊಂಡು ಹೋಗಿ ಆಸ್ಪತ್ರೆಯ ಬೆಕ್ಕುಗಳಿಗೆ ಕೊಟ್ಟುಬಂದಳು.

ಆ ಮೇಲಿನ ದಿನಗಳು ಕೆಟ್ಟವು. ಚೀಲದಕ್ಕ ಗಿರಣಿಯಿಂದ ಬಂದವಳೇ ಮರಳಿನ ತಟ್ಟೆಯ ಮುಂದೆ ಕೂರುತ್ತಿದ್ದಳು. ಅವನು ಒಂದಿಷ್ಟು ಒದ್ದೆ ಮಾಡಿದ್ದರೆ ಅವಳ ಮುಖಕ್ಕೆ ಜೀವ ಬರುತ್ತಿತ್ತು. ಅನ್ನಕ್ಕೆ ಉಪ್ಪು ಹಾಕಿದಳು, ಬೇಳೆಗೆ ಹಾಕಲಿಲ್ಲ. ತಮ್ಮ ತಟ್ಟೆ ನೂಕಿದ.

"ಬೆಕ್ಕಿಗೆ ಸರಿಯಿಲ್ಲ ಅಂತ ನಾವೂ ಉಪವಾಸ ಸಾಯ್ಬೇಕಾ?"

"ಅವಳ ಮೇಲೆ ಯಾಕೋ ಹಾರಾಡ್ತೀಯ?" ಎಂದು ನಾನು ಗದರಿದೆ. "ಬೇಕಾದ್ರೆ ಎದ್ದು ಹಾಕ್ಕೋ. ಉಪ್ಪಿನ ಡಬ್ಬಿಗೆ ಬೀಗ ಹಾಕಿಲ್ಲ."

ಚೀಲದಕ್ಕ ಮಗಳಿಗೆ ಬಡಿಸುತ್ತಾ ತಡೆದು ತಡೆದು ಕೇಳಿದಳು, "ಅಲ್ಲ ಕಣೇ, ಯಾರಾದ್ರೂ ತಿಳೀದೆ ಬೇರೆ ಕಾಳು ಕೊಟ್ಟಿದ್ರೆ ಅಂತ ಇಟ್ಕೋ. ಆಗ ಡಾಕ್ಟ್ರು ಏನು ಮಾಡ್ತಿದ್ರು?"

"ಯಾರು ಕೊಡ್ತಾರೆ? ತಾತನಾ?"

"ನನ್ನ ತಲೆಗೆ ಕಟ್ಟಬೇಡಿ," ಎಂದರು ಅಪ್ಪ.

"ಹಾಗೆ ಕೊಡೋರು ಬೆಕ್ಕು ಸಾಕಬಾರದು," ಎಂದಳು ಹುಡುಗಿ. "ಅಂಥೋರು ದಿನಾ ಬರ್ತಾರೆ ನಮ್ಮಲ್ಲಿಗೆ. ವಿಷ ಹಾಕಿ ತಂದು ಅಳ್ತಾ ನಿಂತ್ಕೋತಾರೆ. ಅವರ ಮುಖ ನೋಡಿದ್ರೆ ನನಗೆ ಅಸಹ್ಯ ಆಗುತ್ತೆ."

ಚೀಲದಕ್ಕ ಬಡಿಸುವ ಸೌಟನ್ನು ಪಾತ್ರೆಯಲ್ಲಿಟ್ಟು ನೀರು ತರಲು ಎದ್ದಳು. ಇಷ್ಟಕ್ಕೂ ನನಗೆ ಅರ್ಥವಾಗಲಿಲ್ಲ ನೋಡಿ. ನಾಲ್ಕು ಜನರ ಬಟ್ಟೆಯಲ್ಲಿ ಸುಕ್ಕು ಎಲ್ಲಿದೆ ಎಂದು ಹುಡುಕುವವಳು ನಾನು.

ಮತ್ತೆ ಕಟ್ಟಿದಾಗ ಮನೆಯಲ್ಲಿ ಯಾರೂ ಇರಲಿಲ್ಲ. ನಾನು ಅಪ್ಪನನ್ನು ಕಣ್ಣಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಸಾಲಿನಲ್ಲಿ ಕಾದು ಬರುವ ಹೊತ್ತಿಗೆ ಗುಮಾಸ್ತ ಬಚ್ಚಲಿನ ತಣ್ಣನೆಯ ನೆಲದಲ್ಲಿ ಮಲಗಿದ್ದ, ಕರೆದರೆ ಕಿವಿಯೂ ಆಡಿಸಲಿಲ್ಲ. ಆಟೋ ಹಿಡಿದು ನಾನೇ ಒಯ್ದೆ. ಹುಡುಗಿ ನನ್ನ ಕೈಯಿಂದ ಕಿತ್ತುಕೊಂಡು ಒಳಗೆ ಓಡಿದಳು.

ಸಂಜೆ ಅವಳಿಂದ ಫೋನು ಬಂತು. ಪರೀಕ್ಷೆಯ ವರದಿ ಇನ್ನೂ ಬಂದಿಲ್ಲ, ನಳಿಗೆ ಹೋಗುತ್ತಿಲ್ಲ, ಮೂತ್ರಪಿಂಡಕ್ಕೂ ಪೆಟ್ಟು ಬಿದ್ದಿದೆ, ಬೆಳಿಗ್ಗೆ ದಾರಿ ಕತ್ತರಿಸಿ ಅಗಲ ಮಾಡುವ ಆಪರೇಷನ್ ಮಾಡಿ ನೋಡುತ್ತಾರೆ, ಅದಕ್ಕೆ ಅವನು ತಡೆದರೆ ತಡೆದ. ನಾನು ಇಲ್ಲೇ ಇರುತ್ತೇನೆ, ಊಟ ಬೇಡ ಎಂದಳು.

ಫೋನಿಟ್ಟು ಅಡುಗೆಮನೆಗೆ ಬಂದು ಹೇಳಿದೆ. ಚೀಲದಕ್ಕ ಹಿಟ್ಟು ನಾದುತ್ತಿದ್ದಳು. ನಾದುತ್ತಲೇ ಇದ್ದಳು. ಆಮೇಲೆ ಹಿಟ್ಟಿನ ಕೈಯಲ್ಲೇ ನೆಲಕ್ಕೆ ಕೂತಳು, ಮಂಡಿ ನೋವಿನವಳು, ದೊಪ್ಪನೆ.

"ಅಕ್ಕ, ನಾನು ಕೊಂದೆ," ಎಂದಳು.

ನಾನು ಈಗಾಗಲೇ ಹೇಳಿದ್ದನ್ನೆಲ್ಲ ಅವಳು ನನಗೆ ಆಗ ಹೇಳಿದಳು. ಬಸ್ಸು, ಕುರ್ಚಿ, ಬಿಡಿ ಕಾಳು, ಯಂತ್ರ. ನನಗೆ ಬಂದ ಸಿಟ್ಟಿಗೆ ಲೆಕ್ಕವಿಲ್ಲ. 

"ಮೊನ್ನೆ ಕಟ್ಟಿದಾಗ್ಲೇ ಬಾಯಿ ಬಿಡೋಕೆ ಏನಾಗಿತ್ತು ನಿನಗೆ?"

"ಅವಳು ಎಣ್ಣೆ ತಿಕ್ಕಿದ್ಲು ಅಕ್ಕ. ಆ ಕೈಯಿಂದ ಎಣ್ಣೆ ತಿಕ್ಕಿಸ್ಕೊಂಡು ಹೇಗೆ ಹೇಳ್ಲಿ?"

"ಏಳು. ಈಗಲೇ ಹೋಗೋಣ."

"ಅವಳು ನನ್ನ ಜನ್ಮದಲ್ಲಿ ಕ್ಷಮಿಸಲ್ಲ."

"ಕ್ಷಮಿಸದಿದ್ರೆ ಹಾಳಾಗಿ ಹೋಗ್ಲಿ. ಡಾಕ್ಟರಿಗೆ ಗೊತ್ತಾಗ್ಬೇಕು. ಬೆಕ್ಕು ಇನ್ನೂ ಉಸಿರಾಡ್ತಿದೆ. ಏಳು ಅಂದೆ."

ಎತ್ತಿ ನಿಲ್ಲಿಸಿದೆ. ಅವಳ ಕೈ ತೊಳೆಯಲೂ ಬಿಡಲಿಲ್ಲ. ಅಪ್ಪ ಬಾಗಿಲಲ್ಲಿ ಎಲ್ಲ ಕೇಳಿಸಿಕೊಂಡು ನಿಂತಿದ್ದರು. ಚಪ್ಪಲಿಗಳನ್ನು ಕಾಲಿನಿಂದ ಅವಳ ಕಡೆಗೆ ಸರಿಸಿದರು.

ಆಸ್ಪತ್ರೆಯ ಒಳಕೋಣೆಯಲ್ಲಿ ಗುಮಾಸ್ತನನ್ನು ಟವೆಲಿನ ಮೇಲೆ ಮಲಗಿಸಿದ್ದರು. ಮುಂಗಾಲಿಗೆ ನೀರಿನ ಕೊಳವೆ. ಡಾಕ್ಟ್ರಮ್ಮ ಸ್ಟೂಲಿನ ಮೇಲೆ ಕೂತು ಅವನ ತಲೆಯ ಮೇಲೆ ಬೆರಳಿಟ್ಟುಕೊಂಡಿದ್ದಳು. ಡಾಕ್ಟರು ಕೈಚೀಲ ಹಿಡಿದು ಮನೆಗೆ ಹೊರಟಿದ್ದವರು ನಮ್ಮನ್ನು ನೋಡಿ ನಿಂತರು.

"ಸರ್, ಅವನು ತಿಂದಿದ್ದು ಆ ಕಾಳಲ್ಲ," ಎಂದಳು ಚೀಲದಕ್ಕ. ಬಾಗಿಲ ಚೌಕಟ್ಟು ಹಿಡಿದುಕೊಂಡು, ನಿಲ್ಲಿಸದೆ, ಎಲ್ಲ ಹೇಳಿದಳು. ಚೌಕಟ್ಟಿಗೆಲ್ಲ ಹಿಟ್ಟು ಮೆತ್ತಿತು. 

ಡಾಕ್ಟರು ಕೈಚೀಲ ಕೆಳಗಿಟ್ಟರು. ಕಾಗದಗಳನ್ನು ತಿರುವಿದರು. "ಹಾಗಾದ್ರೆ ಇದು ಹಳೇ ಹರಳೇ. ಹೋದ ಸಲವೇ ತಿಳಿದಿದ್ರೆ ಹಳೇ ಕಾಳಿನಲ್ಲೇ ಕರಗ್ತಿತ್ತು," ಎಂದರು. ಆಮೇಲೆ ಗುಮಾಸ್ತನ ರೆಪ್ಪೆ ಬಿಡಿಸಿ ನೋಡಿ, ಎದೆಗೆ ಕೊಳವೆ ಇಟ್ಟು ಕೇಳಿ, ಹುಡುಗಿಯ ಕಡೆ ತಿರುಗಿದರು. "ಬೆಳಿಗ್ಗೆವರೆಗೂ ಕಾಯಿಸಬಾರದಮ್ಮ. ಇವನು ಆಪರೇಷನ್ ತಡೆಯಲ್ಲ, ನೋವು ಜಾಸ್ತಿಯಾಗ್ತಿದೆ. ಏನು ಮಾಡ್ಬೇಕು ಅಂತ ನಿನಗೆ ನಾನು ಹೇಳಬೇಕಾಗಿಲ್ಲ."

ಅವಳಿಗೆ ಗೊತ್ತಿತ್ತು. ಬೇರೆಯವರ ಪ್ರಾಣಿಗಳನ್ನು ಆ ಕೊನೆಯ ಸೂಜಿಗೆ ಹಿಡಿದುಕೊಂಡು ನಿಂತವಳೇ ಅವಳು.

"ನಾನು ಹಿಡ್ಕೋತೀನಿ ಮಗಳೇ, ನೀನು ಆಚೆ ಹೋಗು," ಎಂದು ಚೀಲದಕ್ಕ ಮುಂದೆ ಬಂದಳು.

ಹುಡುಗಿ ತಲೆಯೆತ್ತಿ ತಾಯಿಯನ್ನು ನೋಡಿದಳು. ಬೈಯಲಿಲ್ಲ. ನನಗೆ ಬೈಗುಳ ಗೊತ್ತು, ಕೂಗಾಟ ಗೊತ್ತು, ತಟ್ಟೆ ಎಸೆಯುವುದೂ ಗೊತ್ತು; ಆ ನೋಟ ಗೊತ್ತಿರಲಿಲ್ಲ. ಮರಿಯನ್ನು ಶಾಲಿನಲ್ಲಿ ಸುತ್ತಿ ತರುವ ಯಾರೋ ಪರಕೀಯ ಹೆಂಗಸನ್ನು ನೋಡುವ ನೋಟ ಅದು.

"ನೀವು ಹೊರಗೆ ಕೂತ್ಕೊಳ್ಳಿ," ಎಂದಳು.

ನಾವು ಹೊರಗೆ ಬೆಂಚಿನ ಮೇಲೆ ಕೂತೆವು. ಸ್ವಲ್ಪ ಹೊತ್ತಿಗೆ ಅವಳು ಟವೆಲಿನ ಗಂಟು ಎತ್ತಿಕೊಂಡು ಬಂದಳು.

ಮಾರನೆಯ ದಿನ ಅಪ್ಪ ಕೋಲು ಹಿಡಿದು ಮೂಲೆಯಂಗಡಿಗೆ ಹೋದರು. ಬೇಡವೆಂದರೂ ಕೇಳಲಿಲ್ಲ, ನಾನೂ ಹಿಂದೆಯೇ ಹೋದೆ. ಉಳಿದ ಬಿಡಿ ಕಾಳನ್ನು ಅವನ ಕೌಂಟರಿನ ಮೇಲೆ ಸುರಿದರು.

"ಒಳಗಿರೋದು ಒಂದೇ ಅಂದ್ಯಂತೆ. ತಿನ್ನು."

ಅವನು ಕಾಳುಗಳನ್ನು ಕೈಯಲ್ಲಿ ಒಟ್ಟು ಮಾಡಿದ. ಮುಖ ನಿಜವಾಗಿಯೂ ಬಾಡಿತ್ತು. "ಹೋಗ್ಬಿಡ್ತಾ ತಾತ? ಅಯ್ಯೋ. ನನಗೆ ಮಾಲು ಕೊಡೋನು ಹಾಗೇ ಹೇಳಿದ್ದ, ನಾನು ಹಾಗೇ ಹೇಳ್ದೆ. ಆ ಮಗು ನಮ್ಮ ಅಂಗಡಿ ಮುಂದೆ ಹಠ ಮಾಡಿದ್ದು ಇನ್ನೂ ಕಣ್ಣಲ್ಲಿದೆ." ಹಿಂದಿನ ಪೆಟ್ಟಿಗೆ ತೆರೆದು ಒಂದು ಬೂದು ಮರಿಯನ್ನು ಎತ್ತಿದ. "ಇದನ್ನ ತಗೊಂಡು ಹೋಗಿ ಕೊಡಿ. ದುಡ್ಡು ಬೇಡ."

ಅಪ್ಪನ ಕೋಲು ಮೇಲೆದ್ದಿತು. ಹೊಡೆಯುತ್ತಾರೆ ಎಂದುಕೊಂಡೆ. ಅವರು ಆ ಮರಿಯನ್ನೇ ನೋಡುತ್ತಾ ನಿಂತು, ತಿರುಗಿ, ಮನೆಯವರೆಗೂ ನನ್ನ ತೋಳು ಹಿಡಿದುಕೊಂಡು ಬಂದರು. ಅವತ್ತು ಅವರು ಚಹಾ ಕೂಡ ಕುಡಿಯಲಿಲ್ಲ.

ಹುಡುಗಿ ತಾಯಿಯ ಜೊತೆ ಮಾತು ಬಿಟ್ಟಳು. "ಅತ್ತೆ, ಬೇಳೆ ಹಾಕಿ," ಎನ್ನುವಳು, ಬೇಳೆಯ ಪಾತ್ರೆ ತಾಯಿಯ ಕೈಯಲ್ಲಿದ್ದರೂ. ತಮ್ಮ ಒಮ್ಮೆ ಮಗಳಿಗೆ ಬೈದ, ಒಮ್ಮೆ ಹೆಂಡತಿಗೆ ಬೈದ, ಕೊನೆಗೆ ಬಸ್ ಡಿಪೋದಲ್ಲೇ ತಿಂದು ಬರತೊಡಗಿದ. ಚೀಲದಕ್ಕ ಒಣಗಿಹೋದಳು. ಗಿರಣಿಯಲ್ಲಿ ಬೆರಳು ಸೂಜಿಗೆ ಕೊಟ್ಟುಕೊಂಡಳು. ಕಟ್ಟು ಕಟ್ಟಿಕೊಂಡು ಬಂದ ದಿನ ಅವಳು ಅನ್ನದ ಪಾತ್ರೆಯನ್ನು ಎಡಗೈಯಲ್ಲಿ ಎತ್ತಲು ಹೋಗಿ ಎಲ್ಲ ನೆಲಕ್ಕೆ ಚೆಲ್ಲಿದಳು.

ಹುಡುಗಿ ಎದ್ದು ಬಂದು ಅನ್ನ ಬಳಿಯತೊಡಗಿದಳು. ತಾಯಿಯೂ ಕೂತು ಬಳಿದಳು. ಇಬ್ಬರ ಕೈಗಳೂ ಅನ್ನದಲ್ಲಿದ್ದಾಗ ಹುಡುಗಿ ಕೇಳಿದಳು, ಅಷ್ಟು ದಿನಗಳ ಮೇಲೆ ನೇರವಾಗಿ ಮೊದಲ ಮಾತು:

"ಯಾಕೆ ಹೇಳ್ಲಿಲ್ಲ ಅಮ್ಮ?"

ಚೀಲದಕ್ಕ ಅನ್ನ ಬಳಿಯುತ್ತಲೇ ಇದ್ದಳು.

"ನಾನು ಏನು ಮಾಡ್ತಿದ್ದೆ? ಹೊಡೀತಿದ್ನಾ? ಮನೆ ಬಿಟ್ಟು ಕಳಿಸ್ತಿದ್ನಾ? ಬಾಯಿ ಬಿಟ್ಟು ಒಂದು ಮಾತು ಹೇಳಿದ್ರೆ ಅವನು ಬದುಕ್ತಿದ್ದ. ನಾನು ಏನು ಮಾಡಿಬಿಡ್ತಿದ್ದೆ ಅಂತ ಅಷ್ಟು ಭಯ?"

"ನೀನು ನೋಡ್ತಿದ್ದೆ," ಎಂದಳು ಚೀಲದಕ್ಕ.

"ಏನು?"

"ನನ್ನ ನೋಡ್ತಿದ್ದೆ. ಈಗ ನೋಡ್ತಿದ್ದೀಯಲ್ಲ, ಹಾಗೆ."

ಹುಡುಗಿ ನಿಧಾನವಾಗಿ ಕಣ್ಣು ಕೆಳಗೆ ಮಾಡಿದಳು. ನೆಲದ ಮೇಲಿನ ಒಂದೊಂದೇ ಅಗುಳನ್ನು ಹೆಕ್ಕಿದಳು, ಎಲ್ಲ ಮುಗಿದ ಮೇಲೂ ಅಲ್ಲೇ ಕೈಯಾಡಿಸುತ್ತಿದ್ದಳು.

ಅಲ್ಲಿಂದೀಚೆಗೆ ಮಾತು ಶುರುವಾಗಿದೆ. ತಾಯಿಯ ಬೆರಳಿನ ಕಟ್ಟು ಬದಲಿಸುವವಳು ಅವಳೇ. ಊಟವಾಯಿತೇ ಎಂದು ಕೇಳುತ್ತಾಳೆ, ಬಸ್ಸಿಗೆ ಹತ್ತಿಸಿ ಬರುತ್ತಾಳೆ. ಆದರೆ ಮುಖ ನೋಡುವುದಿಲ್ಲ. ಬೆರಳು ನೋಡುತ್ತಾಳೆ, ತಟ್ಟೆ ನೋಡುತ್ತಾಳೆ, ಗೋಡೆ ನೋಡುತ್ತಾಳೆ. ತಾಯಿ ತನ್ನ ಕಡೆ ತಿರುಗಿದರೆ ಬೆಚ್ಚಿ ತಲೆ ತಗ್ಗಿಸುತ್ತಾಳೆ. ತನ್ನ ಕಣ್ಣಿಗೆ ತಾನೇ ಹೆದರಿದ್ದಾಳೆ ಮಗು. ಮತ್ತೆ ಆ ನೋಟ ಬಂದುಬಿಟ್ಟರೆ ಎಂದು.

ಚೀಲದಕ್ಕನಿಗೆ ಇದನ್ನು ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ. ಪಾತ್ರೆ ತೊಳೆಯುತ್ತಾ ದಿನವೂ ನನ್ನನ್ನು ಒಂದೇ ಮಾತು ಕೇಳುತ್ತಾಳೆ.

"ಇವತ್ತೂ ನನ್ನ ಮುಖ ನೋಡ್ಲಿಲ್ಲ ಅಕ್ಕ. ಇನ್ನೂ ಕೋಪ ಹೋಗಿಲ್ಲ, ಅಲ್ವಾ?"